ಮೊದಲು ಯಾವ ಪುಟ?

1/8

ಒಂದು ಲೆಕ್ಕ ಕೊಡ್ತೇನೆ, ಬಿಡಿಸಿ ನೋಡುವ.

ನಿಮ್ಮ ಕೈಯಲ್ಲಿ 500 ಪುಟದ ಒಂದು ಇಂಗ್ಲಿಷ್ ಪುಸ್ತಕ ಉಂಟು. ಒಂದು ಸಾಫ್ಟ್‌ವೇರನ್ನು ಬಳಸುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ. ಅದನ್ನು ಕನ್ನಡಕ್ಕೆ ತರಬೇಕು. ಕೆಲಸಕ್ಕೆ ಇರುವುದು ಐದೇ ಜನ. ಅವರಿಗೂ ಇಂಟರ್ನಲ್ಸ್, ಅಸೈನ್‌ಮೆಂಟ್, ಮನೆಗೆ ಹೋದರೆ ಅಡಿಕೆ ಹೆಕ್ಕುವ ಕೆಲಸ ಎಲ್ಲ ಉಂಟು. ಒಬ್ಬೊಬ್ಬರು ತಿಂಗಳಿಗೆ ಒಂದು ಪುಟ ಮಾಡಿದರೆ ವರ್ಷಕ್ಕೆ 60 ಪುಟ. ಪೂರ್ತಿ ಮುಗಿಯಬೇಕಾದರೆ ಎಂಟು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ನಮಗೆಲ್ಲ ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ಕೆಲವರಿಗೆ ಮದುವೆಯೂ ಆಗಿರ್ತದೆ.

ಹಾಗಾದರೆ ಮೊದಲು ಯಾವ ಪುಟ?

ಸಾಮಾನ್ಯವಾಗಿ ಆಗುವುದು ಹೀಗೆ. ಉತ್ಸಾಹದಲ್ಲಿ ಒಂದನೇ ಪುಟದಿಂದ ಶುರು ಮಾಡ್ತೇವೆ. ಮುನ್ನುಡಿ, ಸ್ವಾಗತ, ‘ಈ ಸಾಫ್ಟ್‌ವೇರ್ ಹುಟ್ಟಿದ ಕಥೆ’. ಎರಡು ತಿಂಗಳಿಗೆ ಎಲ್ಲರೂ ಸುಸ್ತು. ಆಮೇಲೆ ನೋಡಿದರೆ ಸ್ವಾಗತ ಮಾತ್ರ ಕನ್ನಡದಲ್ಲಿ, ಊಟ ಪೂರ್ತಿ ಇಂಗ್ಲಿಷಿನಲ್ಲಿ.

ಓಪನ್ ಸೋರ್ಸ್ ಸಾಫ್ಟ್‌ವೇರಿನ ಕೈಪಿಡಿಗಳನ್ನು ಕನ್ನಡಕ್ಕೆ ತರುವುದರ ಬಗ್ಗೆ ಈ ಸಲದ ಸರಣಿ. ‘ತರಬೇಕಾ ಬೇಡವಾ’ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ತರಬೇಕು. ನನ್ನ ಜಗಳ ಇರುವುದು ಸರದಿಯ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಇಂಗ್ಲಿಷ್ ಓದಲಿಕ್ಕೆ ಕಷ್ಟ ಆಗುವ ಒಬ್ಬರ ಕೆಲಸ ಯಾವ ಜಾಗದಲ್ಲಿ ನಿಂತುಬಿಡ್ತದೋ, ಎಲ್ಲಿ ಅವರ ದುಡ್ಡಿನ ಲೆಕ್ಕವೋ ಫೈಲೋ ಹಾಳಾಗ್ತದೋ, ಆ ಪುಟ ಮೊದಲು. ಬಾಕಿ ಎಲ್ಲ ಆಮೇಲೆ.

2/8

‘ಬಿಕಾಂ ಓದುವವರಿಗೆ ಇದೆಂತಕ್ಕೆ ಮಾರಾಯ್ರೆ, ಬಿಸಿಎಯವರು ನೋಡಿಕೊಳ್ಳಲಿ’ ಅಂತ ನಿಮಗೆ ಅನ್ನಿಸಬಹುದು. ಇಲ್ಲ, ಇದು ನಮ್ಮದೇ ವಿಷಯ.

ಓಪನ್ ಸೋರ್ಸ್ ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ನಮಗೆ ಹತ್ತಿರದ ಉದಾಹರಣೆ ಲಿಬ್ರೆ ಆಫೀಸ್. 2010ರಲ್ಲಿ ಓಪನ್ ಆಫೀಸಿನಿಂದ ಬೇರೆಯಾಗಿ ಬಂದದ್ದು. ಪತ್ರ ಬರೆಯಲಿಕ್ಕೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ದುಡ್ಡು ಕೊಡಬೇಕಾಗಿಲ್ಲ, ಕ್ರ್ಯಾಕ್ ಹುಡುಕಿ ವೈರಸ್ ತಂದುಕೊಳ್ಳಬೇಕಾಗಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೂ ನಡೀತದೆ.

ಆದರೆ ಒಂದು ವ್ಯತ್ಯಾಸ ಉಂಟು. ಟ್ಯಾಲಿ ಕಲಿಯಬೇಕಾದರೆ ಪೇಟೆಯಲ್ಲಿ ಕ್ಲಾಸ್ ಸಿಗ್ತದೆ, ಫೀಸ್ ಕಟ್ಟಿದರೆ ಹೇಳಿಕೊಡ್ಲಿಕ್ಕೆ ಜನ ಸಿಗ್ತಾರೆ. ಉಚಿತ ಸಾಫ್ಟ್‌ವೇರಿಗೆ ನಮ್ಮ ಪೇಟೆಗಳಲ್ಲಿ ಮಾರುವವರೂ ಇಲ್ಲ, ಕ್ಲಾಸ್ ಮಾಡುವವರೂ ಸಿಗುವುದು ಕಡಿಮೆ. ಅದಕ್ಕೆ ಇರುವ ಒಬ್ಬರೇ ಮೇಷ್ಟ್ರು ಅಂದರೆ ಅದರ ಕೈಪಿಡಿ. ಆ ಮೇಷ್ಟ್ರಿಗೆ ಇಂಗ್ಲಿಷ್ ಮಾತ್ರ ಬರುವುದಾದರೆ ‘ಉಚಿತ’ ಅನ್ನುವ ಮಾತಿಗೆ ಅರ್ಥ ಅರ್ಧವೇ.

ನಮ್ಮ ಊರಿನ ಸಂಗತಿಯೂ ಸ್ವಲ್ಪ ಬೇರೆ. ಪುತ್ತೂರು, ಸುಳ್ಯ, ಕಡಬದಲ್ಲಿ ಮನೆಮಾತು ತುಳು ಇರ್ತದೆ, ಅರೆಭಾಷೆ ಇರ್ತದೆ, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳಂ ಇರ್ತದೆ. ಒಂದೇ ಬೆಂಚಿನಲ್ಲಿ ನಾಲ್ಕು ಭಾಷೆ. ಆದರೆ ಓದು-ಬರಹ ಅಂತ ಬಂದಾಗ ಎಲ್ಲರೂ ಸೇರುವ ಜಾಗ ಕನ್ನಡ. ಸಂಘದ ನೋಟೀಸ್, ಡೇರಿಯ ಚೀಟಿ, ಪಂಚಾಯತಿನ ಅರ್ಜಿ ಎಲ್ಲ ಕನ್ನಡದಲ್ಲೇ ಓದುವುದು. ಕೈಪಿಡಿ ಮಾತ್ರ ಯಾಕೆ ಬೇರೆ?

3/8

ಈಗ ನಮ್ಮ ಸಬ್ಜೆಕ್ಟಿಗೆ ಬರುವ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಸ್ಟಾಕ್ ನೋಡಿಕೊಳ್ಳುವ ಎರಡು ವಿಧಾನ ಓದಿದ್ದು ನೆನಪುಂಟಾ?

ಒಂದು ಎಬಿಸಿ ಅನಾಲಿಸಿಸ್. ಗೋಡೌನಿನಲ್ಲಿ ಇರುವ ಸಾವಿರ ಬಗೆಯ ಸಾಮಾನಿನಲ್ಲಿ ಕೆಲವೇ ಸಾಮಾನು ಒಟ್ಟು ಬೆಲೆಯ ದೊಡ್ಡ ಪಾಲನ್ನು ತಿಂತದೆ. ಅದು ಎ ವರ್ಗ. ಅದರ ಮೇಲೆ ಹೆಚ್ಚು ನಿಗಾ.

ಇನ್ನೊಂದು ವಿಇಡಿ. ವೈಟಲ್, ಎಸೆನ್ಶಿಯಲ್, ಡಿಸೈರಬಲ್. ಇಲ್ಲಿ ಬೆಲೆ ಮುಖ್ಯ ಅಲ್ಲ. ‘ಈ ಸಾಮಾನು ಇಲ್ಲದಿದ್ದರೆ ಕೆಲಸ ನಿಲ್ತದಾ?’ ಅನ್ನುವುದೊಂದೇ ಪ್ರಶ್ನೆ. ಹತ್ತು ರೂಪಾಯಿಯ ವಾಷರ್ ಇಲ್ಲದೆ ಪಂಪು ನಿಂತರೆ, ಆ ದಿನ ತೋಟಕ್ಕೆ ನೀರಿಲ್ಲ. ಬೆಲೆ ಹತ್ತೇ ರೂಪಾಯಿ, ಆದರೆ ವೈಟಲ್.

ಅನುವಾದದ ಕೆಲಸ ಮಾಡುವವರು ಹೆಚ್ಚಾಗಿ ಎಬಿಸಿಯ ಹಾಗೆ ಯೋಚಿಸ್ತಾರೆ. ‘ಯಾವ ಪುಟ ಅತಿ ಹೆಚ್ಚು ಜನ ನೋಡ್ತಾರೆ? ಅದನ್ನೇ ಮೊದಲು ಮಾಡುವ.’ ಕೇಳಲಿಕ್ಕೆ ಸರಿಯಾಗಿಯೇ ಉಂಟು. ಆದರೆ ಆ ಎಣಿಕೆಯಲ್ಲಿ ಇರುವವರು ಯಾರು? ಇಂಗ್ಲಿಷ್ ಪುಟಕ್ಕೆ ಬಂದು ಇಂಗ್ಲಿಷ್ ಓದಿ ಹೋದವರು. ಇಂಗ್ಲಿಷ್ ನೋಡಿ ಬಾಗಿಲಿನಿಂದಲೇ ವಾಪಸ್ ಹೋದವರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಹೋಟೆಲಿನ ಒಳಗೆ ಕೂತವರ ಹತ್ತಿರ ಮಾತ್ರ ‘ಮೆಟ್ಟಿಲು ಹತ್ತಲಿಕ್ಕೆ ಕಷ್ಟ ಆಯ್ತಾ’ ಅಂತ ಕೇಳಿದ ಹಾಗೆ. ಹತ್ತಲಿಕ್ಕೆ ಆಗದವರು ಒಳಗೆ ಇಲ್ಲವಲ್ಲ!

ಹಾಗಾಗಿ ಕನ್ನಡಕ್ಕೆ ಸರಿಹೊಂದುವುದು ವಿಇಡಿ. ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ: ಈ ಪುಟ ಕನ್ನಡದಲ್ಲಿ ಇಲ್ಲದಿದ್ದರೆ ಯಾರ ಕೆಲಸ ನಿಲ್ತದೆ?

4/8

ಬರೇ ಥಿಯರಿ ಬೇಡ, ಒಂದು ನಿಜವಾದ ಜಾಗ ತೋರಿಸ್ತೇನೆ.

ನನ್ನ ಚಿಕ್ಕಮ್ಮ ಕಡಬ ಕಡೆಯ ಒಂದು ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾರೆ, ಕೈ ಬರಹ ಮುತ್ತಿನ ಹಾಗೆ. ಸಾಲ ಕೊಟ್ಟ ತಾರೀಕು, ವಾಪಸ್ ಬಂದ ತಾರೀಕು, ಬಡ್ಡಿ ಎಲ್ಲ ಈಗ ಸ್ಪ್ರೆಡ್‌ಶೀಟಿನಲ್ಲಿ ಹಾಕ್ತಾರೆ. ಒಂದು ದಿನ ನೋಡಿದರೆ ಪುಸ್ತಕದ ಬಡ್ಡಿಗೂ ಕಂಪ್ಯೂಟರಿನ ಬಡ್ಡಿಗೂ ತಾಳೆ ಇಲ್ಲ. ಮೂರು ಸಲ ಕೂಡಿಸಿದ್ರು, ಸರಿ ಬರಲಿಲ್ಲ.

ಕಾರಣ ತಾರೀಕು. ಸ್ಪ್ರೆಡ್‌ಶೀಟಿನ ಲೊಕೇಲ್ ಅಮೆರಿಕದ ಇಂಗ್ಲಿಷ್ ಆಗಿದ್ದರೆ, ಅದು ಮೊದಲು ತಿಂಗಳು, ಆಮೇಲೆ ದಿನ ಅಂತ ಓದ್ತದೆ. ನೀವು 05/04/2025 ಅಂತ ಹಾಕ್ತೀರಿ, ನಿಮ್ಮ ಮನಸ್ಸಿನಲ್ಲಿ ಅದು ಏಪ್ರಿಲ್ 5. ಅದಕ್ಕೆ ಮೇ 4. ಪರದೆಯಲ್ಲಿ ಕಾಣುವಾಗ 05, 04 ಎರಡೂ ಇದ್ದಲ್ಲೇ ಇರ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ 29 ದಿನದ ಬಡ್ಡಿ ಅಲ್ಲಿಗೇ ಹೋಯ್ತು.

ಇನ್ನೂ ಚಂದ ಉಂಟು. 31/03/2025 ಹಾಕಿದರೆ ‘31ನೇ ತಿಂಗಳು’ ಅಂತ ಇಲ್ಲವಲ್ಲ, ಅದು ತಾರೀಕು ಅಂತಲೇ ಒಪ್ಪುವುದಿಲ್ಲ, ಬರೇ ಅಕ್ಷರ ಅಂತ ಇಟ್ಟುಕೊಳ್ತದೆ. ತಾರೀಕಿನ ಪ್ರಕಾರ ಸಾರ್ಟ್ ಮಾಡಿದರೆ ಆ ಸಾಲು ಕೆಳಗೆ ಎಲ್ಲೋ ಹೋಗಿ ಕೂತುಕೊಳ್ತದೆ. ಮಾರ್ಚ್ 31! ಕಾಮರ್ಸ್ ಓದುವವರಿಗೆ ಆ ತಾರೀಕು ಎಂತದ್ದು ಅಂತ ನಾನು ಹೇಳಬೇಕಾ?

ಲಿಬ್ರೆ ಆಫೀಸಿನಲ್ಲಾದರೆ ಟೂಲ್ಸ್, ಅದರೊಳಗೆ ಆಪ್ಷನ್ಸ್, ಅಲ್ಲಿ ಭಾಷೆಯ ಸೆಟ್ಟಿಂಗ್ಸಿಗೆ ಹೋಗಿ ಲೊಕೇಲ್ ಅನ್ನು ‘ಇಂಗ್ಲಿಷ್ (ಇಂಡಿಯಾ)’ ಅಂತ ಮಾಡಬೇಕು. ಲೆಕ್ಕ ಹಾಕುವ ಮೊದಲೇ ಮಾಡಬೇಕು, ಯಾಕೆಂದರೆ ಆಗಲೇ ತಪ್ಪಾಗಿ ಓದಿದ ತಾರೀಕು ತನ್ನಿಂದ ತಾನೇ ಸರಿಯಾಗುವುದಿಲ್ಲ. ಅರ್ಧ ಪುಟದ ವಿಷಯ. ಆ ಅರ್ಧ ಪುಟ ಕನ್ನಡದಲ್ಲಿ ಎದುರಿಗೆ ಇಲ್ಲದ್ದರಿಂದ ಎರಡು ವಾರ ಚಿಕ್ಕಮ್ಮ ಸಂಘದವರ ಮುಖ ನೋಡಲಿಕ್ಕೆ ಹಿಂಜರಿದ್ರು. ಲೆಕ್ಕ ತಪ್ಪಿದರೆ ಕಂಪ್ಯೂಟರಿನ ಹೆಸರು ಹಾಳಾಗುವುದಿಲ್ಲ, ಬರೆದವರ ಹೆಸರು ಹಾಳಾಗ್ತದೆ. ವೈಟಲ್ ಅಂದರೆ ಇದು.

5/8

ಇಲ್ಲಿಂದ ಮುಂದಿನ ಮಾತು ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮಗೆ ಎಲ್ಲಕ್ಕಿಂತ ಮೊದಲು ಬೇಕಾದ ಕೆಲವು ಪುಟಗಳು ಇಂಗ್ಲಿಷ್ ಕೈಪಿಡಿಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಉದಾಹರಣೆಗೆ ಹಳೇ ನುಡಿ, ಬರಹ ಫೈಲುಗಳು. ಹತ್ತಿಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿದ ಸಂಘದ ನಿರ್ಣಯ, ದೇವಸ್ಥಾನದ ಜಾತ್ರೆಯ ಪಟ್ಟಿ, ಶಾಲೆಯ ವರದಿ. ಆ ಕಾಲದ ಎಷ್ಟೋ ಫೈಲುಗಳಲ್ಲಿ ಕನ್ನಡ ಅಕ್ಷರವನ್ನು ಆಯಾ ಫಾಂಟಿನದ್ದೇ ಗುಪ್ತಲಿಪಿಯ ಹಾಗೆ ಇಟ್ಟಿರ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಎಷ್ಟೋ ಜನ ‘ಫೈಲ್ ಹಾಳಾಯ್ತು’ ಅಂತ ಡಿಲೀಟ್ ಮಾಡ್ತಾರೆ. ಹಾಳಾಗಿರುವುದಿಲ್ಲ. ಯೂನಿಕೋಡಿಗೆ ಬದಲಿಸಿದರೆ ಮತ್ತೆ ಓದಬಹುದು, ಹಾಗೆ ಬದಲಿಸುವ ಉಚಿತ ಪರಿವರ್ತಕಗಳೂ ಉಂಟು. ಇದನ್ನು ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಕೈಪಿಡಿ ಬರೆದವರು ಯಾಕೆ ಬರೀತಾರೆ? ಅವರಿಗೆ ಆ ಕಷ್ಟವೇ ಇಲ್ಲ.

ಕನ್ನಡ ಟೈಪಿಂಗ್ ಕೂಡ ಹಾಗೇ. ನುಡಿಯಲ್ಲಿ ನಾವು ಒತ್ತುವ ಕೀಲಿಗಳ ವಿನ್ಯಾಸದ ಹಿಂದೆ ಇರುವವರು ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್. ಅದೇ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಅನ್ನುವ ಹೆಸರಲ್ಲಿ ಮೊದಲೇ ಕೂತಿರ್ತದೆ, ಡೌನ್‌ಲೋಡ್ ಬೇಡ, ಆನ್ ಮಾಡಿದರೆ ಸಾಕು. ನಮ್ಮ ಜಿಲ್ಲೆಯ ಮನುಷ್ಯ ಮಾಡಿದ್ದು ನಮ್ಮ ಕಂಪ್ಯೂಟರಿನ ಒಳಗೇ ಉಂಟು, ಎಲ್ಲಿ ಒತ್ತಬೇಕು ಅಂತ ಹೇಳುವ ಒಂದು ಪುಟ ಕೈಗೆ ಸಿಗಬೇಕು.

12,50,000 ಅಂತ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೀಳಬೇಕು, 1,250,000 ಅಂತ ಅಲ್ಲ. ಅದೂ ಇದೇ ಜಾತಿ.

ಹಾಗಾಗಿ ಇಂಗ್ಲಿಷ್ ಪುಸ್ತಕದ ಪರಿವಿಡಿ ಹಿಡಿದುಕೊಂಡು ಟಿಕ್ ಹಾಕುತ್ತಾ ಹೋದರೆ ಸಾಲದು. ಮೊದಲು ಜನ ಎಲ್ಲಿ ಸಿಕ್ಕಿಬೀಳ್ತಾರೆ ಅಂತ ಪಟ್ಟಿ ಮಾಡಬೇಕು. ಅದರಲ್ಲಿ ಇಂಗ್ಲಿಷಿನಲ್ಲಿ ಇರುವುದನ್ನು ಅನುವಾದ ಮಾಡುವ, ಇಲ್ಲದ್ದನ್ನು ನಾವೇ ಬರೆಯುವ.

6/8

ಹೊರಗಿನವರು ಈ ಸರದಿಯನ್ನು ಹೇಗೆ ಇಡ್ತಾರೆ ನೋಡುವ. ಎರಡು ಉದಾಹರಣೆ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ನಿಮಗೆ ಗೊತ್ತು. ಅದರ ದಾಖಲೆಯನ್ನು ಬೇರೆ ಭಾಷೆಗೆ ತರುವ ಕ್ರಮವನ್ನು ಅವರು 2017ರಲ್ಲಿ ಬರೆದಿಟ್ಟರು. ಅವರ ವೆಬ್‌ಸೈಟಿನ ಭಾಷೆಗಳ ಪಟ್ಟಿಯಲ್ಲಿ ಒಂದು ಭಾಷೆಯ ಹೆಸರು ಬರಬೇಕಾದರೆ ಮೂರು ಭಾಗ ಪೂರ್ತಿ ಆಗಿರಬೇಕು: ಹೊಸಬರಿಗೆ ಇರುವ ಟ್ಯುಟೋರಿಯಲ್, ದಿನಾ ಬಳಸುವ ಫಂಕ್ಷನ್‌ಗಳ ಪುಟ, ಮತ್ತೆ ‘ತಪ್ಪು ಕಂಡರೆ ಎಲ್ಲಿ ಹೇಳಬೇಕು’ ಅನ್ನುವ ಪುಟ. ಮೂರನೆಯದು ನನಗೆ ತುಂಬ ಇಷ್ಟ ಆಯ್ತು. ಓದುವವರಿಗೆ ದೂರು ಹೇಳುವ ದಾರಿಯನ್ನೂ ಮೊದಲೇ ಅವರ ಭಾಷೆಯಲ್ಲಿ ಕೊಡಬೇಕು ಅಂತ ಅಲ್ವಾ ಅದರ ಅರ್ಥ?

ಇನ್ನೊಂದು ಮೊಜಿಲ್ಲಾದವರ ಎಂಡಿಎನ್. ವೆಬ್‌ಸೈಟ್ ಮಾಡುವವರೆಲ್ಲ ನೋಡುವ ದೊಡ್ಡ ಕೈಪಿಡಿ. ಅದರಲ್ಲಿ ತುಂಬ ಭಾಷೆಗಳ ಅನುವಾದ ಇತ್ತು, ಆದರೆ ಎಷ್ಟೋ ಪುಟ ಯಾವುದೋ ಕಾಲದ್ದು. 2020ರ ಕೊನೆಗೆ ಅವರ ವ್ಯವಸ್ಥೆ ಬದಲಾದ ಮೇಲೆ, ನೋಡಿಕೊಳ್ಳುವ ತಂಡ ಇರುವ ಕೆಲವೇ ಭಾಷೆಗಳನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆದರು. ಬೇಜಾರಿನ ವಿಷಯವೇ, ಆದರೆ ಕಾರಣ ಸರಿ. ಹಳೇ ಪುಟ ಓದಿ ಇಲ್ಲದ ಬಟನ್ ಹುಡುಕುತ್ತಾ ಕೂರುವವರಿಗೆ ಅದು ಸಹಾಯ ಅಲ್ಲ, ಉಪದ್ರ.

ಲಿಬ್ರೆ ಆಫೀಸ್ ವರ್ಷಕ್ಕೆ ಎರಡು ಹೊಸ ಆವೃತ್ತಿ ಬಿಡ್ತದೆ. ಹಾಗಾಗಿ ಒಂದು ಪುಟ ಮಾಡುವುದು ಅಂದರೆ ತೆಂಗಿನ ಸಸಿ ನೆಟ್ಟ ಹಾಗೆ. ನೆಟ್ಟ ದಿನ ಫೋಟೋ ಹಾಕಿದರೆ ಆಗುವುದಿಲ್ಲ, ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಅಂತ ಮೊದಲೇ ಹೇಳಬೇಕು. ನನ್ನ ಎರಡನೇ ನಿಯಮ ಇದು: ನೋಡಿಕೊಳ್ಳಲಿಕ್ಕೆ ಒಬ್ಬರ ಹೆಸರು ಇಲ್ಲದ ಪುಟವನ್ನು ಶುರುವೇ ಮಾಡಬಾರದು. 200 ಅನಾಥ ಪುಟಕ್ಕಿಂತ ದಿಕ್ಕು-ದೆಸೆ ಇರುವ 20 ಪುಟ ಮೇಲು.

7/8

ಈಗ ಜಗಳದ ವಿಷಯಗಳು. ಮೂರು ಆಕ್ಷೇಪ ನಾನೇ ಹೇಳ್ತೇನೆ.

ಒಂದು: ‘ಮೊದಲು ಮೆನು, ಬಟನ್ ಎಲ್ಲ ಕನ್ನಡ ಆಗಬೇಕು, ಕೈಪಿಡಿ ಆಮೇಲೆ.’ ಮೆನುಗಳ ಕೆಲಸ ತುಂಬ ಮುಂಚೆಯೇ ಶುರುವಾಗಿದೆ. ಲಿಬ್ರೆ ಆಫೀಸಿಗೆ, ಫೈರ್‌ಫಾಕ್ಸಿಗೆ ಕನ್ನಡದ ಮುಖ ಉಂಟು. 2008ರಲ್ಲಿ ಶುರುವಾದ ಫ್ಯೂಯಲ್ ಅನ್ನುವ ಯೋಜನೆ, ಪದೇಪದೇ ಬರುವ ಕಂಪ್ಯೂಟರ್ ಪದಗಳನ್ನು ಆರಿಸಿ ಕನ್ನಡವೂ ಸೇರಿ ಭಾರತದ ಭಾಷೆಗಳಲ್ಲಿ ಒಂದೇ ರೀತಿ ಮಾಡಲಿಕ್ಕೆ ಹೊರಟಿತ್ತು. ಆ ಕೆಲಸ ಮಾಡಿದವರ ಮೇಲೆ ಗೌರವ ಉಂಟು. ಆದರೆ ನಿಮ್ಮ ಲ್ಯಾಬಿನಲ್ಲಿ, ಸೈಬರಿನಲ್ಲಿ, ಆಫೀಸಿನಲ್ಲಿ ಪರದೆ ಯಾವ ಭಾಷೆಯಲ್ಲಿ ಉಂಟು? ಇಂಗ್ಲಿಷಿನಲ್ಲಿ. ಅಲ್ಲಿ ಕೂತವರಿಗೆ ‘ಕಡತ ಮೆನುವಿಗೆ ಹೋಗಿ’ ಅಂದರೆ ಅವರು ಕಡತ ಹುಡುಕುತ್ತಾ ಇರ್ತಾರೆ, ಎದುರಿಗೆ ಇರುವುದು ಫೈಲ್. ಹಾಗಾಗಿ ವಿವರಣೆ ಕನ್ನಡದಲ್ಲಿ, ಬಟನಿನ ಹೆಸರು ಪರದೆಯಲ್ಲಿ ಇದ್ದ ಹಾಗೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಮಾಡುವುದೂ ಇದನ್ನೇ. ಹತ್ತು ನಿಮಿಷದ ಆಸುಪಾಸಿನ ವಿಡಿಯೋ, ಪರದೆ ಇಂಗ್ಲಿಷ್, ಮಾತು ಕನ್ನಡ. ನೋಡದಿದ್ದರೆ ಒಮ್ಮೆ ನೋಡಿ.

ಎರಡು: ‘ಕಂಪ್ಯೂಟರ್ ಮುಟ್ಟುವವರಿಗೆ ಇಂಗ್ಲಿಷ್ ಬರ್ತದೆ.’ ಫೈಲ್, ಸೇವ್, ಪ್ರಿಂಟ್ ಬರ್ತದೆ, ಸರಿ. ಆದರೆ ಎರರ್ ಬಂದಾಗ ಕಾಣುವ ನಾಲ್ಕು ಸಾಲು? ‘ಓಕೆ ಒತ್ತಿದರೆ ಹಳೇದು ಹೋಗ್ತದಾ ಉಳೀತದಾ’ ಅನ್ನುವುದು ಆ ನಾಲ್ಕು ಸಾಲಿನಲ್ಲಿ ಇರುವುದು. ಪದ ಗೊತ್ತಿರುವುದು ಬೇರೆ, ಹೆದರಿಕೆಯಲ್ಲಿ ವಾಕ್ಯ ಅರ್ಥ ಮಾಡಿಕೊಳ್ಳುವುದು ಬೇರೆ.

ಮೂರು: ‘ಎಐ ಇರುವಾಗ ನೀವೆಂತಕ್ಕೆ?’ ಇದು ಗಟ್ಟಿಯಾದ ಪ್ರಶ್ನೆ. ಗೂಗಲ್ ಟ್ರಾನ್ಸ್‌ಲೇಟಿಗೆ ಕನ್ನಡ ಬಂದದ್ದು 2011ರಲ್ಲಿ. ಐಐಟಿ ಮದ್ರಾಸಿನ ಎಐ4ಭಾರತ್‌ನವರು 2023ರಲ್ಲಿ ಓಪನ್ ಸೋರ್ಸ್ ಆಗಿಯೇ 22 ಭಾಷೆಗಳ ಅನುವಾದದ ಮಾದರಿ ಕೊಟ್ಟರು. ಮೊದಲ ಕರಡು ಅದರಿಂದಲೇ ಮಾಡಿಸಿ, ನನ್ನದು ತಕರಾರಿಲ್ಲ. ಆದರೆ ಕಡಬದ ಸಂಘದಲ್ಲಿ ಮಾರ್ಚ್ 31ರ ಸಾಲು ಕಾಣೆಯಾಗ್ತದೆ ಅಂತ ಮಷೀನಿಗೆ ಯಾರು ಹೇಳ್ತಾರೆ? ಮೆನುವಿನ ಹೆಸರನ್ನೂ ಅನುವಾದ ಮಾಡಿ ಇಟ್ಟಾಗ ತಿದ್ದುವವರು ಯಾರು? ಪುಟದಲ್ಲಿ ಬರೆದ ಹಾಗೆ ನಿಜವಾಗಿ ಒತ್ತಿ ನೋಡುವವರು ಯಾರು? ಅನುವಾದ ಅಗ್ಗ ಆದಷ್ಟು ಸರದಿ ಮತ್ತು ಪರೀಕ್ಷೆಯೇ ನಮ್ಮ ಕೆಲಸ ಆಗ್ತದೆ.

8/8

ಇದೆಲ್ಲ ನಮ್ಮಂಥವರಿಂದ ಆಗುವುದಾ ಅಂತ ಕೇಳಿದರೆ, ಪುತ್ತೂರಿನಲ್ಲೇ ಒಂದು ಉತ್ತರ ಉಂಟು. ಅಡಿಕೆ ಪತ್ರಿಕೆ. 1988ರಿಂದ ಪುತ್ತೂರಿನಿಂದ ಬರ್ತಾ ಇರುವ ಕೃಷಿ ಮಾಸಿಕ. ಶ್ರೀ ಪಡ್ರೆಯವರು ಮತ್ತು ಅವರ ಜೊತೆಯವರು ಹಿಡಿದ ದಾರಿ ‘ಕೃಷಿಕರ ಕೈಗೆ ಲೇಖನಿ’. ವಿಜ್ಞಾನಿ ಬರೆದದ್ದನ್ನು ಕೃಷಿಕ ಓದುವುದು ಮಾತ್ರ ಅಲ್ಲ, ತೋಟದಲ್ಲಿ ಮಾಡಿ ನೋಡಿದವರೇ ಬರೆಯುವುದು. ಎಂತ ಬರೆಯಬೇಕು ಅನ್ನುವುದನ್ನು ತೀರ್ಮಾನ ಮಾಡಿದ್ದು ತೋಟದ ಕಷ್ಟ. ಸಾಫ್ಟ್‌ವೇರಿನ ಕೈಪಿಡಿಗೂ ಇದೇ ನಡೆ ಸಾಕು.

ನನ್ನ ಮೊದಲ ಹತ್ತು ಪುಟದ ಪಟ್ಟಿ, ಲಿಬ್ರೆ ಆಫೀಸಿಗೆ:

1. ತಾರೀಕು ಮತ್ತು ಲೊಕೇಲ್ ಸರಿ ಮಾಡುವುದು
2. ಕರೆಂಟ್ ಹೋಗಿ ಬಂದ ಮೇಲೆ ಫೈಲ್ ವಾಪಸ್ ಪಡೆಯುವುದು
3. ಬ್ಯಾಕಪ್ ಇಡುವುದು
4. ಕನ್ನಡ ಟೈಪಿಂಗ್ ಆನ್ ಮಾಡುವುದು
5. ಹಳೇ ನುಡಿ, ಬರಹ ಫೈಲನ್ನು ಯೂನಿಕೋಡಿಗೆ ತರುವುದು
6. ಎಕ್ಸೆಲ್ ಬಳಸುವವರಿಗೆ ಕಳಿಸುವಾಗ ಯಾವ ರೂಪದಲ್ಲಿ ಸೇವ್ ಮಾಡಬೇಕು
7. ಲಕ್ಷ-ಕೋಟಿಯ ಅಲ್ಪವಿರಾಮ
8. ಸಾರ್ಟ್ ಮಾಡುವಾಗ ಸಾಲು ಅದಲುಬದಲು ಆಗದ ಹಾಗೆ ನೋಡಿಕೊಳ್ಳುವುದು
9. ಪ್ರಿಂಟ್ ಒಂದೇ ಪುಟಕ್ಕೆ ಬರುವ ಹಾಗೆ ಮಾಡುವುದು
10. ತಪ್ಪು ಕಂಡರೆ ಎಲ್ಲಿ, ಹೇಗೆ ಹೇಳುವುದು

ಸ್ವಾಗತದ ಪುಟ ಇದರಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ.

ಮಾಡುವುದು ಹೇಗೆ? ಒಂದು ಪುಟಕ್ಕೆ ಇಬ್ಬರು. ಒಬ್ಬರು ಬರೆಯುವುದು, ಇನ್ನೊಬ್ಬರು ಅದನ್ನು ಹಿಡಿದುಕೊಂಡು ಮನೆಯ ಹಿರಿಯರೊಬ್ಬರ ಹತ್ತಿರ ಮಾಡಿಸಿ ನೋಡುವುದು. ಅವರು ಎಲ್ಲಿ ನಿಲ್ಲಿಸಿ ‘ಇದೆಂತ?’ ಅಂತ ಕೇಳ್ತಾರೋ ಆ ಸಾಲು ತಿದ್ದುವುದು. ಕೆಳಗೆ ಆವೃತ್ತಿಯ ಸಂಖ್ಯೆ, ತಾರೀಕು, ನೋಡಿಕೊಳ್ಳುವವರ ಹೆಸರು. ಲಿಬ್ರೆ ಆಫೀಸಿನ ಸಹಾಯ ಪುಟಗಳ ಅನುವಾದ ನಡೆಯುವುದು ವೆಬ್ಲೇಟ್ ಅನ್ನುವ ವೇದಿಕೆಯಲ್ಲಿ, ಅದಕ್ಕೆ ಬ್ರೌಸರ್ ಸಾಕು, ಕೋಡಿಂಗ್ ಒಂದು ಅಕ್ಷರವೂ ಬೇಡ. ಡೆಬಿಟ್, ಕ್ರೆಡಿಟ್ ತಾಳೆ ನೋಡುವ ತಾಳ್ಮೆ ಬೇಕು. ಅದು ನಮ್ಮ ಹತ್ತಿರ ಉಂಟು.

ಪಟ್ಟಿ ನನ್ನದು, ಹಾಗಾಗಿ ಇದರಲ್ಲಿ ನನಗೆ ಕಂಡ ಕಷ್ಟ ಮಾತ್ರ ಉಂಟು. ನಿಮ್ಮ ಅಮ್ಮ, ಮಾವ, ಡೇರಿಯ ಸೆಕ್ರೆಟರಿ, ಪಕ್ಕದ ಮನೆಯ ಅಕ್ಕ, ಇವರಲ್ಲಿ ಯಾರಾದರೂ ಕಂಪ್ಯೂಟರಿನ ಎದುರು ಕೈ ಬಿಟ್ಟು ಕೂತದ್ದು ನೋಡಿದ್ದೀರಾದರೆ, ಅದು ಯಾವ ಜಾಗ ಅಂತ ಕಾಮೆಂಟಿನಲ್ಲಿ ಒಂದು ಸಾಲು ಬರೀರಿ. ‘ಸೂಪರ್’ ಅಂತ ಬೇಡ, ಜಾಗ ಬೇಕು. 11ನೇ ಪುಟ ಅಲ್ಲಿಂದ ಶುರು.

#ಕನ್ನಡ #ಪುತ್ತೂರು #ಸುಳ್ಯ #ಕಡಬ #ಓಪನ್‌ಸೋರ್ಸ್ #ಬಿಕಾಂ